ಪಿಕಪ್ ಟ್ರಕ್ಕಿಗೆ ಸ್ನೋ ಪ್ಲೌ ಅಳವಡಿಕೆ

ಸ್ನೋ ಪ್ಲೌ ಎಂಬುದು ರಸ್ತೆ, ಮನೆಯಂಗಳ ಹಾಗೂ ವಾಹನ ನಿಲುಗಡೆಯ ಬಯಲುಗಳಲ್ಲಿ ಬಿದ್ದ ಹಿಮವನ್ನು ತಳ್ಳಿ ಬದಿಗೆ ಸರಿಸಲು ವಾಹನದ ಮುಂಭಾಗಕ್ಕೆ ಕಟ್ಟುವ ಬಾಗಿದ ದೊಡ್ಡ ಹಲಗೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ರಾಜ್ಯಗಳಲ್ಲಿಯೂ ಕೆನಡಾದಲ್ಲಿಯೂ ಇದನ್ನು ಪಿಕಪ್ ಟ್ರಕ್ಕುಗಳಿಗೆ ಅಳವಡಿಸಿಕೊಳ್ಳುವುದು ಬಹು ಸಾಮಾನ್ಯ. ಪ್ಲೌ ಎಂಬ ಪದಕ್ಕೆ ನೇಗಿಲು ಎಂದರ್ಥವಾದರೂ ಈ ಸಾಧನವು ನೇಗಿಲಿನಂತೆ ನೆಲವನ್ನು ಸೀಳುವುದಿಲ್ಲ. ಕಣದಲ್ಲಿ ಕಾಳನ್ನು ರಾಶಿ ಮಾಡುವ ಗೋರುಮಣೆಯ ಕೆಲಸಕ್ಕೆ ಇದರ ಕೆಲಸ ಹೆಚ್ಚು ಹತ್ತಿರವಾದುದು. ಆದುದರಿಂದ ‘ಹಿಮನೇಗಿಲು’ ಎಂಬ ಅನುವಾದಕ್ಕಿಂತ ಮೂಲ ಹೆಸರನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ.

ಹಲಗೆ, ಅದನ್ನು ಎತ್ತಿಳಿಸುವ ಚೌಕಟ್ಟು ಮತ್ತು ಹೈಡ್ರಾಲಿಕ್ ಪಂಪು ಸೇರಿ ಇದರ ತೂಕ ಹಲವು ನೂರು ಕಿಲೋಗ್ರಾಂಗಳಾಗುತ್ತದೆ. ಈ ಭಾರವೆಲ್ಲವೂ ವಾಹನದ ಮುಂದಿನ ಚಕ್ರಗಳಿಗಿಂತಲೂ ಮುಂದೆ ತೂಗುವುದರಿಂದ ಮುಂಭಾಗದ ಸಸ್ಪೆನ್ಷನ್, ಸ್ಟಿಯರಿಂಗ್ ಮತ್ತು ಬ್ರೇಕುಗಳ ಮೇಲೆ ಅಸಾಧಾರಣ ಒತ್ತಡ ಬೀಳುತ್ತದೆ. ಯಾವ ಟ್ರಕ್ಕಿಗೆ ಎಷ್ಟು ತೂಕದ ಪ್ಲೌ ಹೊಂದುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕದೆ ಕಟ್ಟಿದರೆ, ಜಾರುವ ರಸ್ತೆಯಲ್ಲಿ ವಾಹನವು ಚಾಲಕನ ಹಿಡಿತ ತಪ್ಪುವ ಸಂಭವವಿದೆ.

ಹಿನ್ನೆಲೆ

ಮೋಟಾರು ವಾಹನಕ್ಕೆ ಕಟ್ಟುವ ಪ್ಲೌಗಳು 1920ರ ದಶಕದಲ್ಲಿ ರೂಢಿಗೆ ಬಂದವು. ನ್ಯೂಯಾರ್ಕ್ ರಾಜ್ಯದ ಕ್ಲೇಟನ್ ಊರಿನ ಕಾರ್ಲ್ ಫ್ರಿಂಕ್ ಈ ಉದ್ಯಮದ ಮೊದಲಿಗರಲ್ಲಿ ಒಬ್ಬನು. ನಾರ್ವೆಯಲ್ಲಿ ಓವರೋಸೆನ್ ಸಹೋದರರು 1923ರಲ್ಲಿ ಕಾರಿಗೆ ಕಟ್ಟುವ ಪ್ಲೌ ಒಂದನ್ನು ತಯಾರಿಸಿದರು. ಎರಡನೆಯ ಮಹಾಯುದ್ಧದ ತರುವಾಯ ನಾಲ್ಕೂ ಚಕ್ರಗಳಿಗೆ ಚಾಲನೆಯುಳ್ಳ ಜೀಪುಗಳು ನಾಗರಿಕರ ಕೈಗೆ ಬಂದುದೂ, 1946ರಲ್ಲಿ ಡಾಡ್ಜ್ ಪವರ್ ವ್ಯಾಗನ್ ಮಾರುಕಟ್ಟೆಗೆ ಬಂದುದೂ ಸಣ್ಣ ಪ್ರಮಾಣದ ಹಿಮ ತೆರವಿಗೆ ದಾರಿ ಮಾಡಿದವು. ಅಲ್ಲಿಯವರೆಗೆ ಪೌರಸಂಸ್ಥೆಯ ದೊಡ್ಡ ಲಾರಿಗಳಿಗೆ ಮೀಸಲಾಗಿದ್ದ ಕೆಲಸವನ್ನು ಈಗ ಒಬ್ಬ ರೈತ ಅಥವಾ ಒಬ್ಬ ಗುತ್ತಿಗೆದಾರ ತನ್ನ ಸ್ವಂತ ವಾಹನದಿಂದ ಮಾಡಬಹುದಾಯಿತು. ಮೇಯರ್, ಫಿಶರ್, ವೆಸ್ಟರ್ನ್, ಬಾಸ್ ಮುಂತಾದವು ಪಿಕಪ್ ಪ್ಲೌಗಳ ಪ್ರಸಿದ್ಧ ತಯಾರಕ ಹೆಸರುಗಳು.

ಆ ಕಾಲದ ಟ್ರಕ್ಕುಗಳ ಮುಂದಿನ ಅಚ್ಚು ಒಂದೇ ಗಟ್ಟಿ ತೊಲೆಯಾಗಿದ್ದು, ಅದರ ಮೇಲೆ ಲಾರಿಗಳಲ್ಲಿರುವಂತಹ ಪಟ್ಟಿಪಟ್ಟಿಯ ಲೀಫ್ ಸ್ಪ್ರಿಂಗುಗಳು ಇರುತ್ತಿದ್ದವು. ಸವಾರಿ ಒರಟಾಗಿದ್ದರೂ ಅವು ಹೆಚ್ಚಿನ ಭಾರವನ್ನು ಸಹಿಸಿಕೊಳ್ಳುತ್ತಿದ್ದವು. ಮುಂದೆ ಪಿಕಪ್ ಟ್ರಕ್ಕು ಕುಟುಂಬದ ವಾಹನವೂ ಆದಂತೆ ಪ್ರಯಾಣದ ಸುಖಕ್ಕೆ ಪ್ರಾಧಾನ್ಯ ಬಂದಿತು. ಜನರಲ್ ಮೋಟಾರ್ಸ್ ಸಂಸ್ಥೆಯು 1988ರ ಮಾದರಿಯಿಂದ ತನ್ನ ನಾಲ್ಕು ಚಕ್ರ ಚಾಲನೆಯ ಪಿಕಪ್‌ಗಳಲ್ಲಿ ಎರಡು ಮುಂಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ನನ್ನು ಅಳವಡಿಸಿತು. ಮೃದುವಾದ ಸ್ಪ್ರಿಂಗುಗಳ ಮುಂದೆ ಭಾರವಾದ ಪ್ಲೌ ತೂಗುಹಾಕುವ ಪ್ರಶ್ನೆ ಈ ಬದಲಾವಣೆಯ ನಂತರ ಹೆಚ್ಚು ಸೂಕ್ಷ್ಮವಾಯಿತು.

ಪ್ಲೌನ ಭಾಗಗಳು

ಹಿಮವನ್ನು ತಳ್ಳುವ ಬಾಗಿದ ಹಲಗೆಗೆ ಮೋಲ್ಡ್‌ಬೋರ್ಡ್ ಎಂದು ಹೆಸರು. ಇದನ್ನು ಉಕ್ಕಿನಿಂದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಅದರ ಕೆಳ ಅಂಚಿಗೆ ಸವೆದಾಗ ಬದಲಾಯಿಸಬಹುದಾದ ಉಕ್ಕಿನ ಪಟ್ಟಿ ಇರುತ್ತದೆ. ಹಲಗೆಯ ಹಿಂದೆ ತ್ರಿಕೋನಾಕಾರದ ಚೌಕಟ್ಟು, ಹಲಗೆಯನ್ನು ಎತ್ತಲು ಒಂದು ಹೈಡ್ರಾಲಿಕ್ ಸಿಲಿಂಡರು, ಎಡಬಲಕ್ಕೆ ತಿರುಗಿಸಲು ಇನ್ನೆರಡು ಸಿಲಿಂಡರುಗಳು ಇರುತ್ತವೆ. ಹಿಂದೆ ಎಂಜಿನ್ನಿನ ಬೆಲ್ಟಿನಿಂದ ಓಡುತ್ತಿದ್ದ ಪಂಪು ಈಗ ಬಹುತೇಕ 12 ವೋಲ್ಟಿನ ವಿದ್ಯುತ್ ಮೋಟಾರಿನಿಂದ ಓಡುತ್ತದೆ. ಹಲಗೆ ಎತ್ತುವ ಕ್ಷಣದಲ್ಲಿ ಈ ಮೋಟಾರು ಬ್ಯಾಟರಿಯಿಂದ ಭಾರಿ ಪ್ರಮಾಣದ ವಿದ್ಯುತ್ತನ್ನು ಸೆಳೆಯುವುದರಿಂದ ಬ್ಯಾಟರಿ ಮತ್ತು ಆಲ್ಟರ್ನೇಟರ್ ಎರಡೂ ಸಮರ್ಥವಾಗಿರಬೇಕು.

ಹಿಮದ ಕೆಳಗೆ ಅಡಗಿದ ಕಲ್ಲು ಅಥವಾ ಚರಂಡಿ ಮುಚ್ಚಳಕ್ಕೆ ಹಲಗೆ ಬಡಿದಾಗ ಆ ಪೆಟ್ಟು ನೇರವಾಗಿ ಟ್ರಕ್ಕಿಗೆ ತಗಲದಂತೆ ತಡೆಯುವ ಏರ್ಪಾಡು ಇರುತ್ತದೆ. ಒಂದು ಬಗೆಯಲ್ಲಿ ಇಡೀ ಹಲಗೆಯೇ ಮುಂದಕ್ಕೆ ಬಾಗಿ ಅಡ್ಡಿಯನ್ನು ದಾಟಿ, ಸ್ಪ್ರಿಂಗಿನ ಬಲದಿಂದ ಮತ್ತೆ ನೆಟ್ಟಗಾಗುತ್ತದೆ. ಇನ್ನೊಂದು ಬಗೆಯಲ್ಲಿ ಕೆಳಗಿನ ಅಂಚು ಮಾತ್ರ ಮಡಚಿಕೊಳ್ಳುತ್ತದೆ. ನಡುವೆ ಕೀಲಿದ್ದು ಎರಡು ರೆಕ್ಕೆಗಳಂತೆ ಚಲಿಸುವ ‘ವಿ’ ಆಕಾರದ ಪ್ಲೌಗಳು ಕೆಲಸಕ್ಕೆ ಹೆಚ್ಚು ಅನುಕೂಲ, ಆದರೆ ತೂಕವೂ ಹೆಚ್ಚು. ಹಗುರ ಟ್ರಕ್ಕಿಗೆಂದು ಮಾಡಿದ ಪ್ಲೌ ಸುಮಾರು 150ರಿಂದ 230 ಕಿ.ಗ್ರಾಂ ಇದ್ದರೆ, ಎಂಟು ಅಡಿ ಅಗಲದ ಉಕ್ಕಿನ ನೇರ ಪ್ಲೌ 300ರಿಂದ 400 ಕಿ.ಗ್ರಾಂ ತೂಗಬಹುದು. ದೊಡ್ಡ ‘ವಿ’ ಪ್ಲೌಗಳು ಇದನ್ನೂ ಮೀರುತ್ತವೆ.

ಭಾರದ ಲೆಕ್ಕ

ಪ್ಲೌನ ತೂಕವೆಷ್ಟೋ ಅಷ್ಟೇ ಭಾರ ಮುಂದಿನ ಅಚ್ಚಿನ ಮೇಲೆ ಬೀಳುತ್ತದೆ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು. ನಿಜವಾಗಿ ಬೀಳುವ ಭಾರ ಅದಕ್ಕಿಂತ ಹೆಚ್ಚು. ಎತ್ತಿನ ಗಾಡಿಗೆ ಹೊರೆ ಹೇರುವವರು ಇದನ್ನು ಅನುಭವದಿಂದಲೇ ಬಲ್ಲರು. ಹೊರೆ ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಅದುಮುತ್ತದೆ, ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಟ್ರಕ್ಕಿನಲ್ಲಿ ಮುಂದಿನ ಅಚ್ಚೇ ಆನಿಕೆಯಾಗಿ, ಪ್ಲೌ ಒಂದು ಬದಿಯಲ್ಲಿ ಕೆಳಕ್ಕೆ ಜಗ್ಗಿದಾಗ ಇನ್ನೊಂದು ಬದಿಯಲ್ಲಿರುವ ಹಿಂಭಾಗವು ಹಗುರಾಗುತ್ತದೆ. ಹಿಂದಿನಿಂದ ಕಳೆದುಹೋದ ಆ ಭಾರವೂ ಮುಂದಿನ ಅಚ್ಚಿಗೇ ಸೇರಿಕೊಳ್ಳುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಟ್ರಕ್ಕಿನ ಎರಡು ಅಚ್ಚುಗಳ ನಡುವಣ ದೂರ 3.6 ಮೀಟರ್, ಪ್ಲೌನ ತೂಕ 360 ಕಿ.ಗ್ರಾಂ, ಅದರ ಗುರುತ್ವಕೇಂದ್ರವು ಮುಂದಿನ ಅಚ್ಚಿಗಿಂತ 1.2 ಮೀಟರ್ ಮುಂದೆ ಇದೆ ಎಂದಿಟ್ಟುಕೊಳ್ಳೋಣ. 1.2ನ್ನು 3.6ರಿಂದ ಭಾಗಿಸಿದರೆ ಮೂರನೆಯ ಒಂದು ಪಾಲು. ಅಂದರೆ 360ರ ಮೂರನೆಯ ಒಂದು ಪಾಲಾದ 120 ಕಿ.ಗ್ರಾಂ ಭಾರ ಹಿಂದಿನ ಅಚ್ಚಿನಿಂದ ಕಡಿಮೆಯಾಗುತ್ತದೆ. ಮುಂದಿನ ಅಚ್ಚಿಗೆ 360ಕ್ಕೆ ಬದಲಾಗಿ 480 ಕಿ.ಗ್ರಾಂ ಸೇರುತ್ತದೆ. ಚಾಲಕ ಮತ್ತು ಜೊತೆಗಾರ ಕುಳಿತ ಟ್ರಕ್ಕಿನ ಮುಂದಿನ ಅಚ್ಚಿನ ಮೇಲೆ ಮೊದಲೇ 2,000 ಕಿ.ಗ್ರಾಂ, ಹಿಂದಿನ ಅಚ್ಚಿನ ಮೇಲೆ 1,350 ಕಿ.ಗ್ರಾಂ ಇದ್ದಿದ್ದರೆ, ಪ್ಲೌ ಎತ್ತಿದಾಗ ಅವು ಕ್ರಮವಾಗಿ 2,480 ಮತ್ತು 1,230 ಆಗುತ್ತವೆ. ಮುಂದಿನ ಅಚ್ಚಿಗೆ ತಯಾರಕರು ನಿಗದಿಪಡಿಸಿದ ಮಿತಿ 2,450 ಆಗಿದ್ದರೆ ಅದು ಈಗಾಗಲೇ ಮೀರಿದೆ. ಒಟ್ಟು ತೂಕದಲ್ಲಿ ಹಿಂದಿನ ಚಕ್ರಗಳ ಪಾಲು ಶೇಕಡ 40ರಿಂದ 33ಕ್ಕೆ ಇಳಿದಿದೆ. ಹಿಮದ ಮೇಲೆ ಹಿಂಚಕ್ರಗಳ ಹಿಡಿತ ಸಡಿಲವಾಗಲು ಹಾಗೂ ಬ್ರೇಕು ಒತ್ತಿದಾಗ ಹಿಂಭಾಗ ಪಕ್ಕಕ್ಕೆ ಜಾರಲು ಇದೇ ಕಾರಣ.

ಇದಕ್ಕೆ ಪರಿಹಾರ ಪ್ರತಿಭಾರ. ಟ್ರಕ್ಕಿನ ತೊಟ್ಟಿಯಲ್ಲಿ, ಹಿಂದಿನ ಅಚ್ಚಿಗಿಂತಲೂ ಹಿಂದೆ, ಹಿಂಬಾಗಿಲಿಗೆ ಒತ್ತಿ ಮರಳಿನ ಚೀಲಗಳನ್ನು ಇಡುತ್ತಾರೆ. ಮೇಲಿನ ಉದಾಹರಣೆಯಲ್ಲಿ ಹಿಂದಿನ ಅಚ್ಚಿಗಿಂತ 0.9 ಮೀಟರ್ ಹಿಂದೆ 300 ಕಿ.ಗ್ರಾಂ ಮರಳನ್ನು ಇಟ್ಟರೆ ಮುಂದಿನ ಅಚ್ಚಿನಿಂದ 75 ಕಿ.ಗ್ರಾಂ ಕಡಿಮೆಯಾಗಿ 2,405ಕ್ಕೆ ಇಳಿಯುತ್ತದೆ. ಹಿಂದಿನದು 1,605ಕ್ಕೆ ಏರುತ್ತದೆ. ಹಿಂಚಕ್ರಗಳ ಪಾಲು ಪುನಃ ಶೇಕಡ 40ರಷ್ಟಾಗುತ್ತದೆ. ಅದೇ ಮರಳನ್ನು ತೊಟ್ಟಿಯ ಮುಂಭಾಗದಲ್ಲಿ, ಚಾಲಕನ ಕೋಣೆಯ ಬೆನ್ನಿಗೆ ಒರಗಿಸಿ ಇಟ್ಟರೆ ಮುಂದಿನ ಅಚ್ಚಿನ ಭಾರ ಇಳಿಯುವುದಿರಲಿ, ಇನ್ನಷ್ಟು ಹೆಚ್ಚುತ್ತದೆ. ಚೀಲಗಳನ್ನು ಬಿಗಿಯಾಗಿ ಕಟ್ಟುವುದೂ ಅವಶ್ಯ. ವಾಹನ ಥಟ್ಟನೆ ನಿಂತಾಗ ಸಡಿಲವಾಗಿರುವ ಮರಳಿನ ಚೀಲ ಚಾಲಕನ ಬೆನ್ನ ಹಿಂದಿನ ಗಾಜಿನತ್ತ ಧಾವಿಸುತ್ತದೆ.

ನಿಗದಿತ ಮಿತಿ

ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಟ್ರಕ್ಕಿನ ಚಾಲಕನ ಬಾಗಿಲ ಬಳಿ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ವಾಹನದ ಒಟ್ಟು ತೂಕದ ಗರಿಷ್ಠ ಮಿತಿಯೂ ಮುಂದಿನ ಹಾಗೂ ಹಿಂದಿನ ಅಚ್ಚುಗಳ ಪ್ರತ್ಯೇಕ ಮಿತಿಗಳೂ ನಮೂದಾಗಿರುತ್ತವೆ. ಪ್ಲೌ ಕಟ್ಟುವವರು ಮೊಟ್ಟಮೊದಲು ಓದಬೇಕಾದುದು ಈ ಚೀಟಿಯನ್ನು. ಒಟ್ಟು ತೂಕ ಮಿತಿಯೊಳಗೇ ಇದ್ದು ಮುಂದಿನ ಅಚ್ಚಿನ ಭಾರ ಮಾತ್ರ ಮೀರುವುದು ಪ್ಲೌ ವಿಷಯದಲ್ಲಿ ತೀರ ಸಾಮಾನ್ಯ.

ಒಂದೇ ಹೆಸರಿನ ಎರಡು ಟ್ರಕ್ಕುಗಳು ಕೂಡ ಈ ವಿಷಯದಲ್ಲಿ ಸಮನಲ್ಲ. ಡೀಸೆಲ್ ಎಂಜಿನ್ನು ಪೆಟ್ರೋಲ್ ಎಂಜಿನ್ನಿಗಿಂತ ಭಾರವಾದುದರಿಂದ ಮುಂದಿನ ಅಚ್ಚಿನಲ್ಲಿ ಉಳಿಯುವ ಅವಕಾಶ ಕಡಿಮೆಯಾಗುತ್ತದೆ. ನಾಲ್ಕು ಬಾಗಿಲಿನ ದೊಡ್ಡ ಕೋಣೆಯಿದ್ದರೂ ಹಾಗೆಯೇ. ಬಲಶಾಲಿಯೆಂದು ಹೆಮ್ಮೆಯಿಂದ ಕೊಂಡ ಡೀಸೆಲ್ ಟ್ರಕ್ಕಿಗೆ ಸಣ್ಣ ಪ್ಲೌ ಮಾತ್ರ ಹೊಂದುವುದೂ, ಸಾಧಾರಣ ಪೆಟ್ರೋಲ್ ಟ್ರಕ್ಕು ಅದಕ್ಕಿಂತ ದೊಡ್ಡದನ್ನು ಹೊರುವುದೂ ಉಂಟು. ‘ಅರ್ಧ ಟನ್’, ‘ಮುಕ್ಕಾಲು ಟನ್’, ‘ಒಂದು ಟನ್’ ಎಂಬ ಹಳೆಯ ವರ್ಗದ ಹೆಸರುಗಳು ಈಗ ಹೊರೆಯ ನಿಜವಾದ ಪ್ರಮಾಣವನ್ನು ಹೇಳುವುದಿಲ್ಲ. ಅವನ್ನು ನಂಬಿ ಪ್ಲೌ ಆರಿಸುವುದು ಸರಿಯಲ್ಲ. ತಯಾರಕರು ಹೊಸ ಟ್ರಕ್ಕುಗಳಿಗೆ ‘ಸ್ನೋ ಪ್ಲೌ ಪ್ಯಾಕೇಜ್’ ಎಂಬ ಐಚ್ಛಿಕ ಸೌಲಭ್ಯವನ್ನು ಕೊಡುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಗಟ್ಟಿಯಾದ ಮುಂದಿನ ಸ್ಪ್ರಿಂಗುಗಳೂ ಹೆಚ್ಚು ಸಾಮರ್ಥ್ಯದ ಆಲ್ಟರ್ನೇಟರೂ ಸೇರಿರುತ್ತವೆ. ಕೊಳ್ಳುವಾಗಲೇ ಇದನ್ನು ಆರಿಸಿಕೊಳ್ಳುವುದು ಅನಂತರ ಬಿಡಿಭಾಗಗಳನ್ನು ಸೇರಿಸುವುದಕ್ಕಿಂತ ಮೇಲು.

ಲೆಕ್ಕವನ್ನು ತಾಳೆ ನೋಡಲು ವೇ ಬ್ರಿಡ್ಜಿಗಿಂತ ಉತ್ತಮ ಸಾಧನವಿಲ್ಲ. ಪ್ಲೌ ಎತ್ತಿ, ಪ್ರತಿಭಾರ ಹೇರಿ, ಇಂಧನ ತುಂಬಿಸಿ, ಕುಳಿತುಕೊಳ್ಳುವವರು ಕುಳಿತು ಮೊದಲು ಮುಂಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಬೇಕು. ಬಳಿಕ ಇಡೀ ವಾಹನವನ್ನು ತೂಗಬೇಕು. ಎರಡರ ವ್ಯತ್ಯಾಸವೇ ಹಿಂದಿನ ಅಚ್ಚಿನ ಭಾರ.

ಮುಂಭಾಗದ ಸಸ್ಪೆನ್ಷನ್

ಅಮೆರಿಕದ ದೊಡ್ಡ ಪಿಕಪ್‌ಗಳಲ್ಲಿ ಮುಂಭಾಗದ ಸಸ್ಪೆನ್ಷನ್ ಒಂದೇ ಬಗೆಯದಲ್ಲ. ಫೋರ್ಡ್ ಸೂಪರ್ ಡ್ಯೂಟಿಯ ನಾಲ್ಕು ಚಕ್ರ ಚಾಲನೆಯ ಮಾದರಿಗಳಲ್ಲಿ ಗಟ್ಟಿ ತೊಲೆಯ ಅಚ್ಚು ಇದ್ದು, 2005ರ ಮಾದರಿಯಿಂದ ಲೀಫ್ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗುಗಳು ಬಂದಿವೆ. ರ‍್ಯಾಮ್‌ನ ದೊಡ್ಡ ಟ್ರಕ್ಕುಗಳಲ್ಲಿಯೂ ಗಟ್ಟಿ ಅಚ್ಚು, ಸುರುಳಿ ಸ್ಪ್ರಿಂಗು. ಶೆವ್ರೊಲೆ ಮತ್ತು ಜಿಎಂಸಿಯ ದೊಡ್ಡ ಟ್ರಕ್ಕುಗಳಲ್ಲಿ ಸ್ವತಂತ್ರ ಸಸ್ಪೆನ್ಷನ್ನಿನೊಂದಿಗೆ ಟಾರ್ಷನ್ ಬಾರ್ ಎಂಬ, ತಿರುಚಿದಾಗ ಪ್ರತಿರೋಧ ಒಡ್ಡುವ ಉದ್ದನೆಯ ಉಕ್ಕಿನ ಸರಳುಗಳಿವೆ. ಅರ್ಧ ಟನ್ ವರ್ಗದಲ್ಲಿ ಸುರುಳಿ ಸ್ಪ್ರಿಂಗಿನ ಸ್ವತಂತ್ರ ಸಸ್ಪೆನ್ಷನ್ನೇ ಈಗ ಸಾಮಾನ್ಯ.

ಪ್ಲೌ ನೆಲದ ಮೇಲಿದ್ದು ಹಿಮ ತಳ್ಳುತ್ತಿರುವಾಗ ಅದರ ತೂಕದ ಬಹುಪಾಲನ್ನು ನೆಲವೇ ಹೊರುತ್ತದೆ. ತಳ್ಳುವ ಬಲವು ಚೌಕಟ್ಟಿನ ಮೂಲಕ ಚಾಸಿಗೆ ಹೋಗುತ್ತದೆಯೇ ಹೊರತು ಸ್ಪ್ರಿಂಗುಗಳಿಗಲ್ಲ. ಸ್ಪ್ರಿಂಗಿಗೆ ನಿಜವಾದ ಪರೀಕ್ಷೆ ಎದುರಾಗುವುದು ಹಲಗೆಯನ್ನು ಎತ್ತಿಕೊಂಡು ಒಂದು ಸ್ಥಳದಿಂದ ಇನ್ನೊಂದಕ್ಕೆ ಸಾಗುವಾಗ. ಹಿಮ ಕರಗಿ ಗುಂಡಿಬಿದ್ದ ರಸ್ತೆಯಲ್ಲಿ ಎತ್ತಿದ ಪ್ಲೌ ಮೇಲೆ ಕೆಳಗೆ ತುಯ್ದಾಡಿದಾಗ ಬೀಳುವ ಕ್ಷಣಿಕ ಭಾರವು ನಿಂತಾಗಿನ ಭಾರಕ್ಕಿಂತ ಬಹಳ ಹೆಚ್ಚು. ಸ್ಪ್ರಿಂಗು ಪೂರ್ತಿ ಕುಗ್ಗಿ ತಳ ಮುಟ್ಟಿದರೆ ಪೆಟ್ಟು ಬಾಲ್ ಜಾಯಿಂಟು, ಚಕ್ರದ ಬೇರಿಂಗು ಮತ್ತು ಚಾಸಿಗೆ ನೇರವಾಗಿ ತಾಗುತ್ತದೆ. ಮೂತಿ ಕೆಳಗಿಳಿದ ಟ್ರಕ್ಕಿನಲ್ಲಿ ಎತ್ತಿದ ಹಲಗೆಗೂ ನೆಲಕ್ಕೂ ನಡುವೆ ಸಾಕಷ್ಟು ಅಂತರ ಉಳಿಯದೆ ಅಂಗಳದ ಏರಿನಲ್ಲಿ ಹಲಗೆ ಕೆರೆಯುವುದೂ ಉಂಟು.

ಇದನ್ನು ತಪ್ಪಿಸಲು ಹಲವು ಉಪಾಯಗಳು ಬಳಕೆಯಲ್ಲಿವೆ. ತಯಾರಕರೇ ಅದೇ ಮಾದರಿಗೆ ಕೊಡುವ ಹೆಚ್ಚು ಗಟ್ಟಿಯಾದ ಸುರುಳಿ ಸ್ಪ್ರಿಂಗನ್ನು ಹಾಕಿಸುವುದು ಅವುಗಳಲ್ಲಿ ಮೊದಲನೆಯದು. ಪ್ಲೌ ಇಲ್ಲದ ದಿನಗಳಲ್ಲಿ ಸವಾರಿ ಒರಟಾಗುವುದು ಇದರ ಕೊರತೆ. ಸಸ್ಪೆನ್ಷನ್ನಿನ ತಳ ಮುಟ್ಟುವ ಸ್ಥಳದಲ್ಲಿರುವ ರಬ್ಬರ್ ತುಂಡಿನ ಬದಲಿಗೆ ಟೊಳ್ಳಾದ ದಪ್ಪ ರಬ್ಬರ್ ಸ್ಪ್ರಿಂಗನ್ನು ಕೂರಿಸುವುದು ಇನ್ನೊಂದು. ಟಿಂಬ್ರೆನ್ ಎಂಬ ಹೆಸರಿನಲ್ಲಿ ಸಿಗುವಂತಹವು ಈ ಜಾತಿಯವು. ಭಾರ ಬಿದ್ದು ಸಸ್ಪೆನ್ಷನ್ ಕುಗ್ಗಿದ ಮೇಲೆಯೇ ಇವು ಪೂರ್ತಿ ಕೆಲಸಕ್ಕೆ ತೊಡಗುವುದರಿಂದ ಬೇಸಗೆಯ ಸವಾರಿಗೆ ಹೆಚ್ಚು ತೊಂದರೆಯಿಲ್ಲ. ಗಾಳಿ ತುಂಬಿಸುವ ಚೀಲಗಳೂ ಇವೆ. ಅವುಗಳ ಒತ್ತಡವನ್ನು ಆಗಾಗ ನೋಡಿಕೊಳ್ಳುತ್ತಿರಬೇಕು, ಕೊರೆಯುವ ಚಳಿಯಲ್ಲಿ ಸೋರಿದರೆ ಭಾರವೆಲ್ಲ ಹಳೆಯ ಸ್ಪ್ರಿಂಗಿಗೇ ಮರಳುತ್ತದೆ.

ಸುರುಳಿಯ ಮೇಲೆ ಲೋಹದ ಬಿಲ್ಲೆಯನ್ನಿಟ್ಟು ಮೂತಿಯನ್ನು ಎತ್ತರಿಸುವ ಅಗ್ಗದ ವಿಧಾನವೂ ಪ್ರಚಾರದಲ್ಲಿದೆ. ಇದರಿಂದ ಎತ್ತರ ಹೆಚ್ಚುತ್ತದೆ, ಸ್ಪ್ರಿಂಗಿನ ಬಿಗುಪು ಮಾತ್ರ ಹೆಚ್ಚುವುದಿಲ್ಲ. ಟಾರ್ಷನ್ ಬಾರಿನ ಸರಿಹೊಂದಿಸುವ ಬೋಲ್ಟನ್ನು ತಿರುಗಿಸುವುದೂ ಇದೇ ಸ್ವರೂಪದ್ದು. ಬೋಲ್ಟು ತಿರುಗಿಸಿದರೆ ಸರಳಿನ ಆರಂಭದ ನಿಲುವು ಬದಲಾಗುತ್ತದೆಯೇ ಹೊರತು ಸರಳು ದಪ್ಪವಾಗುವುದಿಲ್ಲ. ಸ್ವಲ್ಪ ಮಟ್ಟಿಗೆ ತಿರುಗಿಸುವುದನ್ನು ಪ್ಲೌ ತಯಾರಕರೂ ಒಪ್ಪುತ್ತಾರೆ. ಪ್ಲೌ ಹೊತ್ತಾಗಲೂ ಮೂತಿ ಖಾಲಿ ಟ್ರಕ್ಕಿನಷ್ಟೇ ಎತ್ತರಕ್ಕೆ ಬರಬೇಕೆಂದು ಹಟ ಹಿಡಿದರೆ, ಪ್ಲೌ ಬಿಚ್ಚಿದಾಗ ಮುಂಭಾಗ ಅತಿಯಾಗಿ ಮೇಲೆದ್ದು ಚಕ್ರಕ್ಕೆ ಚಾಲನೆ ಕೊಡುವ ಕೀಲುಗಳು ಮತ್ತು ಬಾಲ್ ಜಾಯಿಂಟುಗಳು ಓರೆ ಕೋನದಲ್ಲಿ ದುಡಿದು ಬೇಗ ಸವೆಯುತ್ತವೆ. ಎತ್ತರವನ್ನು ಬದಲಿಸಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಈ ಉಪಾಯಗಳಲ್ಲಿ ಯಾವುದೂ ಬಾಗಿಲ ಚೀಟಿಯಲ್ಲಿರುವ ಮಿತಿಯನ್ನು ಏರಿಸುವುದಿಲ್ಲ. ಆ ಮಿತಿಯನ್ನು ನಿರ್ಧರಿಸುವಾಗ ಸ್ಪ್ರಿಂಗಿನ ಜೊತೆಗೆ ಅಚ್ಚು, ಬೇರಿಂಗು, ಚಕ್ರ, ಟೈರುಗಳ ಸಾಮರ್ಥ್ಯವನ್ನೂ ನೋಡಿರುತ್ತಾರೆ. ಅವುಗಳಲ್ಲಿ ಅತಿ ದುರ್ಬಲವಾದುದು ಎಷ್ಟು ಹೊರಬಲ್ಲದೋ ಅಷ್ಟೇ ಇಡೀ ಜೋಡಣೆಯ ಶಕ್ತಿ. ಗಟ್ಟಿ ಸ್ಪ್ರಿಂಗು ಹಾಕಿದ ಟ್ರಕ್ಕು ನೆಟ್ಟಗೆ ನಿಲ್ಲುತ್ತದೆ, ನೋಡುವವರ ಕಣ್ಣಿಗೆ ಎಲ್ಲವೂ ಸರಿಯಿದೆ. ಬೇರಿಂಗಿನ ಮೇಲಿನ ಭಾರ ಮಾತ್ರ ಮೊದಲಿನಷ್ಟೇ. ಮೂತಿ ಕುಸಿದ ಟ್ರಕ್ಕು ಕನಿಷ್ಠ ಎಚ್ಚರಿಕೆಯನ್ನಾದರೂ ಕೊಡುತ್ತದೆ.

ಅಳವಡಿಸುವ ಕ್ರಮ

ಈಗಿನ ಪ್ಲೌಗಳಲ್ಲಿ ಟ್ರಕ್ಕಿಗೆ ಖಾಯಂ ಆಗಿ ಉಳಿಯುವ ಭಾಗ ಚಿಕ್ಕದು. ಚಾಸಿಯ ಎರಡು ಪಕ್ಕದ ತೊಲೆಗಳಿಗೆ ಬೋಲ್ಟು ಹಾಕಿ ಕೂರಿಸುವ ಉಕ್ಕಿನ ಫಲಕಗಳು ಮತ್ತು ಅವನ್ನು ಜೋಡಿಸುವ ಅಡ್ಡಪಟ್ಟಿ, ಇಷ್ಟೇ. ಆಯಾ ಮಾದರಿಯ ಟ್ರಕ್ಕಿಗೆಂದೇ ಈ ಫಲಕಗಳನ್ನು ತಯಾರಿಸಿರುತ್ತಾರೆ. ಬಂಪರಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಕೆಲವು ವೇಳೆ ಎಳೆಯುವ ಕೊಕ್ಕೆಗಳನ್ನೂ ತೆಗೆಯಬೇಕಾಗುತ್ತದೆ. ಫಲಕಗಳನ್ನು ಮೊದಲು ಸಡಿಲವಾಗಿ ಕೂರಿಸಿ, ಎರಡು ಬದಿಯೂ ಸಮವಾಗಿವೆಯೆಂದು ಖಚಿತವಾದ ಮೇಲೆ, ಸೂಚಿಸಿದ ಬಲಕ್ಕೆ ಟಾರ್ಕ್ ಪಾನದಿಂದ ಬಿಗಿಯಬೇಕು. ತಯಾರಕರ ಸೂಚನೆಯಲ್ಲಿ ಇಲ್ಲದ ಕಡೆ ಚಾಸಿಗೆ ತೂತು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಸಲ್ಲದು. ಅಪಘಾತದ ವೇಳೆ ಚಾಸಿಯ ಮುಂಭಾಗ ಹೇಗೆ ಕುಗ್ಗಬೇಕು, ಏರ್ ಬ್ಯಾಗ್ ಯಾವಾಗ ಅರಳಬೇಕು ಎಂಬುದಕ್ಕೂ ಆ ತೊಲೆಗಳ ರಚನೆಗೂ ಸಂಬಂಧವಿದೆ.

ನೆಲದಿಂದ ಫಲಕದ ಪಿನ್ನಿನವರೆಗಿನ ಎತ್ತರವನ್ನು ಅಳೆದು ಕೈಪಿಡಿಯೊಂದಿಗೆ ತಾಳೆ ನೋಡುವುದು ಮುಖ್ಯ. ಹಲಗೆ ನೆಲದಲ್ಲಿರುವಾಗ ತ್ರಿಕೋನ ಚೌಕಟ್ಟು ನೆಲಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿರಬೇಕು. ಇದು ತಪ್ಪಿದರೆ ಹಲಗೆಯ ಅಂಚು ಓರೆಯಾಗಿ ಸವೆಯುತ್ತದೆ, ಅಡ್ಡಿ ಸಿಕ್ಕಾಗ ಬಾಗಬೇಕಾದ ಹಲಗೆ ಸರಿಯಾಗಿ ಬಾಗುವುದಿಲ್ಲ. ಟ್ರಕ್ಕಿಗೆ ದೊಡ್ಡ ಟೈರು ಹಾಕಿಸಿಕೊಂಡು ಎತ್ತರಿಸಿದವರಿಗೆ ಈ ತೊಡಕು ಹೆಚ್ಚು.

ಎತ್ತಿದ ಹಲಗೆಯು ಟ್ರಕ್ಕಿನ ಹೆಡ್‌ಲೈಟುಗಳನ್ನು ಮರೆಮಾಡುವುದರಿಂದ ಪ್ಲೌನ ಚೌಕಟ್ಟಿನ ಮೇಲೆಯೇ ಇನ್ನೊಂದು ಜೊತೆ ದೀಪಗಳಿರುತ್ತವೆ. ಮೊದಲ ಬಾರಿ ಕೆಲಸ ಮಾಡಿದ ಬಳಿಕ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು.

ಬಳಕೆ ಮತ್ತು ಸವೆತ

ಪ್ಲೌ ತಯಾರಕರು ಸಾಮಾನ್ಯವಾಗಿ ಹಲಗೆ ಎತ್ತಿಕೊಂಡು ಸಾಗುವಾಗ ಗಂಟೆಗೆ ಸುಮಾರು 65ರಿಂದ 70 ಕಿ.ಮೀ. ವೇಗವನ್ನೂ ಹಿಮ ತಳ್ಳುವಾಗ ಸುಮಾರು 15ರಿಂದ 20 ಕಿ.ಮೀ. ವೇಗವನ್ನೂ ಮೀರಬಾರದೆಂದು ಸೂಚಿಸುತ್ತಾರೆ. ನೇರವಾಗಿ ಎತ್ತರಕ್ಕೆ ಹಿಡಿದ ಹಲಗೆ ರೇಡಿಯೇಟರಿಗೆ ಗಾಳಿ ಹೋಗದಂತೆ ತಡೆಯುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿಯೂ ಎಂಜಿನ್ನು ಕಾದು ಕೆಂಪಾಗುವ ವಿಚಿತ್ರಕ್ಕೆ ಇದು ಕಾರಣ. ಸಾಗುವಾಗ ಹಲಗೆಯನ್ನು ಓರೆಯಾಗಿಸಿ ಸ್ವಲ್ಪ ತಗ್ಗಿಸಿಕೊಂಡರೆ ಗಾಳಿಯೂ ಆಡುತ್ತದೆ, ನೋಟವೂ ಸಿಗುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ದೂರವಿದ್ದಾಗ ನಿಧಾನವಾಗಿ ಸಾಗುವುದು ಗುತ್ತಿಗೆದಾರರಿಗೆ ಆದಾಯದ ನಷ್ಟವಾಗಿ ಕಾಣುತ್ತದೆ. ಆದರೆ ಹಿಮಪಾತದ ನಡುರಾತ್ರಿಯಲ್ಲಿ ಬಾಲ್ ಜಾಯಿಂಟು ಕಳಚಿ ಟ್ರಕ್ಕು ನಿಂತರೆ ಆ ರಾತ್ರಿಯ ಎಲ್ಲ ಅಂಗಳಗಳ ಕೆಲಸವೂ ನಿಲ್ಲುತ್ತದೆ.

ಎತ್ತಿದ ಹಲಗೆಯ ಕೆಳಗೆ ಕೈಕಾಲು ಇಡುವುದು ಅಪಾಯಕರ. ಹೈಡ್ರಾಲಿಕ್ ಕೊಳವೆ ಒಡೆದರೆ ಹಲಗೆ ಕ್ಷಣಮಾತ್ರದಲ್ಲಿ ಕೆಳಗೆ ಬೀಳುತ್ತದೆ. ಕೊಳವೆಯ ಸೋರಿಕೆಯನ್ನು ಬೆರಳಿಟ್ಟು ಹುಡುಕಬಾರದು. ಹೆಚ್ಚಿನ ಒತ್ತಡದ ಎಣ್ಣೆಯ ಎಳೆ ಚರ್ಮದೊಳಗೆ ತೂರಬಲ್ಲದು.

ರಸ್ತೆಯ ಮಂಜುಗಡ್ಡೆ ಕರಗಿಸಲು ಎರಚುವ ಉಪ್ಪು ಸಸ್ಪೆನ್ಷನ್ನಿನ ಇನ್ನೊಂದು ಶತ್ರು. ಸುರುಳಿ ಸ್ಪ್ರಿಂಗಿನ ಬಣ್ಣ ಸುಲಿದ ಜಾಗದಲ್ಲಿ ತುಕ್ಕು ಹಿಡಿದು, ಕೆಲವು ಚಳಿಗಾಲಗಳ ನಂತರ ಕೆಳಗಿನ ಸುತ್ತು ತುಂಡಾಗುವುದುಂಟು. ಪ್ರತಿ ಬಾರಿಯ ಕೆಲಸದ ನಂತರ ಕೆಳಭಾಗವನ್ನು ತೊಳೆಯುವುದು, ಚಳಿಗಾಲಕ್ಕೆ ಮುನ್ನ ಬಾಲ್ ಜಾಯಿಂಟು, ಟೈ ರಾಡು ಮತ್ತು ಬೇರಿಂಗುಗಳ ಸಡಿಲವನ್ನು ಪರೀಕ್ಷಿಸುವುದು ರೂಢಿ. ಚಳಿಗಾಲ ಮುಗಿದೊಡನೆ ಪ್ಲೌ ಬಿಚ್ಚಿ, ಮರಳಿನ ಚೀಲಗಳನ್ನು ಇಳಿಸಬೇಕು. ಪ್ಲೌ ಇಲ್ಲದೆ ಪ್ರತಿಭಾರವೊಂದೇ ಉಳಿದರೆ ಈ ಬಾರಿ ಹಗುರಾಗುವುದು ಮುಂಚಕ್ರಗಳು.

ಭಾರತದಲ್ಲಿ

ಹಿಮಾಲಯದ ಜೋಜಿಲಾ, ರೋಹ್ತಾಂಗ್ ಮುಂತಾದ ಕಣಿವೆದಾರಿಗಳಲ್ಲಿ ಗಡಿ ರಸ್ತೆಗಳ ಸಂಸ್ಥೆಯು ಬುಲ್ಡೋಜರು ಹಾಗೂ ಹಿಮ ಕತ್ತರಿಸುವ ಭಾರಿ ಯಂತ್ರಗಳಿಂದ ಹಿಮ ತೆರವು ಮಾಡುತ್ತದೆ. ಅಲ್ಲಿ ಗೋಡೆಯಂತೆ ನಿಲ್ಲುವ ಹಿಮದ ಮುಂದೆ ಪಿಕಪ್ ಪ್ಲೌ ಸಾಕಾಗುವಂತಹುದಲ್ಲ. ಕನ್ನಡಿಗರಲ್ಲಿ ಈ ಸಾಧನದ ಪರಿಚಯ ಹೆಚ್ಚಾಗಿ ಇರುವುದು ಟೊರಾಂಟೊ, ಷಿಕಾಗೊ, ಡೆಟ್ರಾಯಿಟ್ ಮೊದಲಾದ ಕಡೆ ನೆಲೆಸಿದವರಿಗೆ. ಅಲ್ಲಿ ಚಳಿಗಾಲದ ಮುಂಜಾವಿನಲ್ಲಿ ಮನೆಯಂಗಳ ತೆರವು ಮಾಡಲು ಬರುವ ಗುತ್ತಿಗೆದಾರನ ವಾಹನ ಬಹಳ ಸಲ ಇಂತಹ ಪ್ಲೌ ಕಟ್ಟಿದ ಪಿಕಪ್ ಟ್ರಕ್ಕೇ ಆಗಿರುತ್ತದೆ.